ಅಗ್ನಿಶಾಮಕ ಕಾಯಕಯೋಗಿ ವೆಸ್ಲಿ ವಿಲಿಯಮ್ಸ್

ನಮ್ಮ ಪ್ರಾಚೀನ ಕೋಶಕಾರರು ಅಗ್ನಿಗೆ ಕೊಟ್ಟಿರುವ ಹೆಸರುಗಳು ಹಲವು. ಅಮರಸಿಂಹನ ಕೋಶವನ್ನು ತೆರೆದು ನೋಡಿದರೆ ವಹ್ನಿ, ಜಾತವೇದ, ಪಾವಕ ಮೊದಲಾದ ನಾಮಗಳ ನಡುವೆ ಎರಡು ಹೆಸರುಗಳು ವಿಶೇಷವಾಗಿ ನಮ್ಮ ಗಮನವನ್ನು ಸೆಳೆಯುತ್ತವೆ. ಒಂದು ‘ಕೃಷ್ಣವರ್ತ್ಮ’, ಇನ್ನೊಂದು ‘ವೈಶ್ವಾನರ’. ವರ್ತ್ಮವೆಂದರೆ ದಾರಿ. ತಾನು ನಡೆದ ದಾರಿಯನ್ನೆಲ್ಲ ಕಪ್ಪಾಗಿಸಿ ಹೋಗುವವನಾದ್ದರಿಂದ ಅಗ್ನಿಯು ಕೃಷ್ಣವರ್ತ್ಮನು. ಸಕಲ ನರರಿಗೂ ಸಂಬಂಧಪಟ್ಟವನಾದ್ದರಿಂದ ವೈಶ್ವಾನರನು. ಅಗ್ನಿಗೆ ಕುಲವಿಲ್ಲ, ವರ್ಣವಿಲ್ಲ; ಅರಮನೆಯನ್ನೂ ಗುಡಿಸಲನ್ನೂ ಅದು ಒಂದೇ ಸಮನಾಗಿ ನುಂಗುತ್ತದೆ. ಆದರೆ ಆ ಅಗ್ನಿಯನ್ನು ನಂದಿಸಲು ಬಂದ ಮನುಷ್ಯನ ಮೈಬಣ್ಣವನ್ನು ಮಾತ್ರ ಮನುಷ್ಯನೇ ಎಣಿಸುತ್ತ ಬಂದನು. ಹಾಗೆ ಎಣಿಸಿದವರ ನಡುವೆ ನಿಂತು, ಮೂವತ್ತಮೂರು ವರ್ಷಗಳ ಕಾಲ ಬೆಂಕಿಯ ದಾರಿಯಲ್ಲಿ ನಡೆದ ಒಬ್ಬ ಮಹನೀಯನ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ಆತನು ಅಮೆರಿಕದ ನ್ಯೂಯಾರ್ಕ್ ನಗರದ ಕಪ್ಪು ಜನಾಂಗದ ಅಗ್ನಿಶಾಮಕ ವೆಸ್ಲಿ ಆಗಸ್ಟಸ್ ವಿಲಿಯಮ್ಸ್.

ಅಷ್ಟು ದೂರದ ಊರಿನ ಕಥೆ ಹೊಸಪೇಟೆಯ ಮಕ್ಕಳಿಗೇಕೆ ಎಂದು ಕೆಲವರು ಕೇಳಬಹುದು. ಬೆಂಕಿಯ ಕಥೆ ನಮಗೆ ದೂರದ್ದಲ್ಲ. ಹಂಪೆಗೆ ಹೋದಾಗಲೆಲ್ಲ ನಾವು ಅರಮನೆಗಳ ಕಲ್ಲಿನ ಅಧಿಷ್ಠಾನಗಳನ್ನು ಮಾತ್ರ ನೋಡಿ ಬರುತ್ತೇವೆ. ಅವುಗಳ ಮೇಲಿದ್ದ ಮರದ ಕಂಬ, ತೊಲೆ, ಉಪ್ಪರಿಗೆಗಳು ಎಲ್ಲಿ ಹೋದವು? 1565ರ ಯುದ್ಧದ ತರುವಾಯ ಆ ಮಹಾನಗರಕ್ಕೆ ಒದಗಿದ ಲೂಟಿಯೂ ದಹನವೂ ನಮಗೆ ತಿಳಿದ ಸಂಗತಿಯೇ. ಇಂದಿಗೂ ಬೇಸಿಗೆ ಬಂತೆಂದರೆ ಸಂಡೂರಿನ ಬೆಟ್ಟಗಳ ಒಣಹುಲ್ಲು, ಕಂಪ್ಲಿಯ ಕಡೆಯ ಕಬ್ಬಿನ ರವದಿ, ಹಳ್ಳಿ ಹಳ್ಳಿಯ ಮೇವಿನ ಬಣವೆ ಇವೆಲ್ಲ ಒಂದು ಕಿಡಿಗಾಗಿ ಕಾದಿರುವಂತೆ ತೋರುತ್ತವೆ. ಇನ್ನು ವರ್ಣಭೇದದ ಕಥೆ ನಮಗೆ ಎಷ್ಟು ಹತ್ತಿರದ್ದೆಂಬುದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಅಗ್ನಿಶಾಮಕನ ಕೆಲಸದ ಸ್ವರೂಪವನ್ನು ಅರಿಯುವುದು ಅವಶ್ಯ. ಬೆಂಕಿ ಹತ್ತಿ ಉರಿಯಬೇಕಾದರೆ ಮೂರು ವಸ್ತುಗಳು ಕೂಡಬೇಕು: ಉರಿಯುವ ಪದಾರ್ಥ, ಗಾಳಿಯಲ್ಲಿರುವ ಆಮ್ಲಜನಕ, ಮತ್ತು ತಕ್ಕಷ್ಟು ಶಾಖ. ಇವುಗಳಲ್ಲಿ ಯಾವುದಾದರೊಂದನ್ನು ತಪ್ಪಿಸಿದರೂ ಬೆಂಕಿ ಆರುತ್ತದೆ. ನೀರು ಶಾಖವನ್ನು ಹೀರುತ್ತದೆ. ಮರಳು ಅಥವಾ ಒದ್ದೆ ಕಂಬಳಿ ಗಾಳಿಯನ್ನು ತಡೆಯುತ್ತದೆ. ಬಣವೆಗೆ ಬೆಂಕಿ ಬಿದ್ದಾಗ ಪಕ್ಕದ ಬಣವೆಯನ್ನು ಎಳೆದು ದೂರ ಹಾಕುವ ನಮ್ಮ ರೈತನು ಉರಿಯುವ ಪದಾರ್ಥವನ್ನೇ ತಪ್ಪಿಸುತ್ತಾನೆ. ತತ್ತ್ವ ಇಷ್ಟು ಸರಳವಾದರೂ ಅದನ್ನು ಆಚರಿಸುವುದು ಸರಳವಲ್ಲ. ಮನೆಯೊಳಗೆ ಹತ್ತಿದ ಬೆಂಕಿಯಲ್ಲಿ ಜ್ವಾಲೆಗಿಂತಲೂ ಹೊಗೆಯೇ ಹೆಚ್ಚು ಪ್ರಾಣಗಳನ್ನು ಕೊಳ್ಳುತ್ತದೆ. ಕಾದ ಹೊಗೆಯು ಮೇಲಕ್ಕೇರಿ ಸೂರಿನಡಿಯಲ್ಲಿ ದಟ್ಟೈಸುವುದರಿಂದ ಉಸಿರಾಡಲು ಯೋಗ್ಯವಾದ ಗಾಳಿ ನೆಲದ ಮಟ್ಟದಲ್ಲಿ ಮಾತ್ರ ಕೆಲಕಾಲ ಉಳಿಯುತ್ತದೆ. ಆದುದರಿಂದ ಅಗ್ನಿಶಾಮಕನು ತೆವಳಿಕೊಂಡು ಒಳಹೋಗುತ್ತಾನೆ. ಮುಂದಿನವನು ನೀರಿನ ಕೊಳವೆಯ ಮೂತಿಯನ್ನು ಹಿಡಿದರೆ ಹಿಂದಿನವನು ಅದರ ಭಾರವನ್ನು ಹೊರುತ್ತಾನೆ. ಕಣ್ಣು ಕಾಣದ ಆ ಕತ್ತಲೆಯಲ್ಲಿ ಒಬ್ಬನ ಪ್ರಾಣ ಮತ್ತೊಬ್ಬನ ಕೈಯಲ್ಲಿರುತ್ತದೆ.

ಇನ್ನೊಂದು ಸಂಗತಿಯಿದೆ. ಅಗ್ನಿಶಾಮಕ ಠಾಣೆಯು ಕಚೇರಿಯಂತೆ ಬೆಳಗ್ಗೆ ತೆರೆದು ಸಂಜೆ ಮುಚ್ಚುವ ಸ್ಥಳವಲ್ಲ. ಗಂಟೆ ಯಾವ ಗಳಿಗೆಯಲ್ಲಿ ಬಾರಿಸೀತೋ ತಿಳಿಯದಾದ್ದರಿಂದ ಸಿಬ್ಬಂದಿಯೆಲ್ಲ ಅಲ್ಲಿಯೇ ಅಡಿಗೆ ಮಾಡಿ, ಅಲ್ಲಿಯೇ ಉಂಡು, ಅಲ್ಲಿಯೇ ಸಾಲು ಮಂಚಗಳ ಮೇಲೆ ಮಲಗುತ್ತಾರೆ. ಸಹಭೋಜನ, ಸಹಶಯನ, ಸಹಮರಣ ಈ ಮೂರೂ ಕೂಡಿದ ವೃತ್ತಿಯಿದು. ಮನುಷ್ಯರು ಜಾತಿಯನ್ನೂ ಬಣ್ಣವನ್ನೂ ಎಲ್ಲಕ್ಕಿಂತ ಬಿಗಿಯಾಗಿ ಹಿಡಿಯುವುದು ಊಟದ ಪಂಕ್ತಿಯಲ್ಲಿ ಮತ್ತು ಮಲಗುವ ಮನೆಯಲ್ಲಿ. ಅಮೆರಿಕದ ಅಗ್ನಿಶಾಮಕ ಠಾಣೆಗಳಲ್ಲಿ ವರ್ಣದ್ವೇಷವು ಅಷ್ಟು ತೀವ್ರವಾಗಿ ಕಾಣಿಸಿಕೊಂಡುದಕ್ಕೆ ಇದು ಮುಖ್ಯ ಕಾರಣ.

ಆ ದೇಶದಲ್ಲಿ ಕಪ್ಪು ಜನರು ಬೆಂಕಿಯನ್ನು ನಂದಿಸುವ ಕಾಯಕವನ್ನು ವಿಲಿಯಮ್ಸನಿಗಿಂತ ನೂರು ವರ್ಷ ಮೊದಲಿನಿಂದಲೂ ಮಾಡುತ್ತ ಬಂದಿದ್ದರು. ನ್ಯೂಯಾರ್ಕಿನಲ್ಲಿ ಮಾಲಿ ವಿಲಿಯಮ್ಸ್ ಎಂಬ ದಾಸಿಯಿದ್ದಳು. ಅವಳ ಒಡೆಯನಾದ ವರ್ತಕ ಬೆಂಜಮಿನ್ ಏಮಾರನು ಅಲ್ಲಿನ ಹನ್ನೊಂದನೆಯ ಸ್ವಯಂಸೇವಕ ಅಗ್ನಿದಳಕ್ಕೆ ಸೇರಿದವನು. 1818ರ ಹಿಮದ ಬಿರುಗಾಳಿಯ ಸಮಯದಲ್ಲಿ ದಳದ ಗಂಡಸರನೇಕರು ಜ್ವರದಿಂದ ಹಾಸಿಗೆ ಹಿಡಿದಿದ್ದಾಗ, ಈಕೆಯು ತನ್ನ ಚೀಟಿಬಟ್ಟೆಯ ಉಡುಪಿನಲ್ಲಿಯೇ ಬಂದು, ನೀರೆತ್ತುವ ಯಂತ್ರದ ಗಾಡಿಯ ಹಗ್ಗವನ್ನು ಹಿಡಿದು ಹಿಮದಲ್ಲಿ ಎಳೆದಳೆಂದು ಹೇಳುತ್ತಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡುದು 1827ರಲ್ಲಿ. ಅಂದರೆ ಪರರ ಮನೆಗಳನ್ನು ಉಳಿಸಲು ಹಗ್ಗವೆಳೆದ ದಿನ ಆ ತಾಯಿಗೆ ತನ್ನ ದೇಹದ ಮೇಲೆಯೇ ಹಕ್ಕಿರಲಿಲ್ಲ.

1871ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ಪ್ಯಾಟ್ರಿಕ್ ರೇಮಂಡ್ ಎಂಬ ಕಪ್ಪು ಜನಾಂಗದವನು ಅಗ್ನಿಶಾಮಕ ದಳದ ಮುಖ್ಯಸ್ಥನಾದನು. ಮರುವರ್ಷ ಷಿಕಾಗೋ ನಗರದಲ್ಲಿ ಕಪ್ಪು ಜನರೇ ತುಂಬಿದ್ದ ಇಪ್ಪತ್ತೊಂದನೆಯ ದಳ ಏರ್ಪಟ್ಟಿತು. ಅದರ ನಾಯಕನು ಮಾತ್ರ ಬಿಳಿಯ ಜನಾಂಗದ ಡೇವಿಡ್ ಕೆನ್ಯನ್. ಅಗ್ನಿಶಾಮಕರು ಮೇಲಂತಸ್ತಿನಿಂದ ಕಂಬವನ್ನು ತಬ್ಬಿ ಸರ್ರನೆ ಜಾರಿ ಇಳಿಯುವುದನ್ನು ವಿದ್ಯಾರ್ಥಿಗಳು ಚಿತ್ರಗಳಲ್ಲಿ ನೋಡಿರಬಹುದು. ಆ ಉಪಾಯ ಹುಟ್ಟಿದ್ದು ಈ ದಳದಲ್ಲಿಯೇ, 1878ರಲ್ಲಿ. ಕುದುರೆಗಳ ಮೇವನ್ನು ಮೇಲಟ್ಟದಲ್ಲಿ ಕೂಡಿಡುತ್ತಿದ್ದ ಕಾಲವದು. ಗಂಟೆಯಾದೊಡನೆ ದಳದವನಾದ ಜಾರ್ಜ್ ರೀಡ್ ಎಂಬುವನು ಮೆಟ್ಟಿಲಿಗೆ ಓಡದೆ, ಮೇವಿನ ಗಾಡಿಯ ಗಳವೊಂದನ್ನು ಹಿಡಿದು ಜಾರಿ ಇಳಿದನಂತೆ. ಅದನ್ನು ಕಂಡ ಕೆನ್ಯನ್ ಮಾಳಿಗೆಗೆ ರಂಧ್ರ ಕೊರೆಯಿಸಿ ಮರದ ಕಂಬವನ್ನು ನಿಲ್ಲಿಸಿದನು. ಮೊದಮೊದಲು ನಕ್ಕವರು, ಬೆಂಕಿಯ ಸ್ಥಳಕ್ಕೆ ಈ ದಳವು ತಮಗಿಂತ ಮುಂಚೆ ತಲುಪುವುದನ್ನು ಕಂಡು ತಾವೂ ಕಂಬಗಳನ್ನು ನಿಲ್ಲಿಸಿಕೊಂಡರು. ಕೀಳೆಂದು ಬಗೆದವರ ಕೈಯಿಂದ ಬಂದ ವಿದ್ಯೆಯನ್ನು ಲೋಕವೆಲ್ಲ ಬಳಸಿತು. ಬಳಸಿದವರಲ್ಲಿ ಎಷ್ಟು ಮಂದಿ ಅವರನ್ನು ನೆನೆದರೋ!

ಇನ್ನು ನಮ್ಮ ಚರಿತ್ರನಾಯಕನ ವಿಷಯ. ವೆಸ್ಲಿ ವಿಲಿಯಮ್ಸ್ ಹುಟ್ಟಿದ್ದು 1897ರಲ್ಲಿ, ನ್ಯೂಯಾರ್ಕಿನಲ್ಲಿ. ತಂದೆ ಜೇಮ್ಸ್ ವಿಲಿಯಮ್ಸ್ ಅಲ್ಲಿಯ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಕೆಂಪು ಟೊಪ್ಪಿಗೆಯ ಹಮಾಲರ ಮೇಸ್ತ್ರಿ. ನಿಲ್ದಾಣಕ್ಕೆ ಬಂದು ಹೋಗುವ ಗಣ್ಯರ ಪರಿಚಯವುಳ್ಳವನು, ತನ್ನವರ ಏಳಿಗೆಗಾಗಿ ಹಂಬಲಿಸಿದವನು. ನ್ಯೂಯಾರ್ಕ್ ಪೊಲೀಸ್ ದಳಕ್ಕೆ 1911ರಲ್ಲಿ ಸೇರಿದ ಕಪ್ಪು ಜನಾಂಗದ ಸ್ಯಾಮ್ಯುಯೆಲ್ ಬ್ಯಾಟಲ್ ಎಂಬುವನೂ ಮೊದಲು ಇದೇ ಹಮಾಲರ ಗುಂಪಿನಲ್ಲಿ ದುಡಿದವನು. ಹೊರೆ ಹೊರುವವರ ನಡುವೆ ಬೆಳೆದ ವೆಸ್ಲಿಗೆ ದೇಹಶ್ರಮ ಅವಮಾನಕರವೆಂಬ ಭಾವನೆ ಎಂದೂ ಬರಲಿಲ್ಲ. ವ್ಯಾಯಾಮದಿಂದ ಮೈಯನ್ನು ಉಕ್ಕಿನಂತೆ ಮಾಡಿಕೊಂಡನು, ಮುಷ್ಟಿಯುದ್ಧವನ್ನು ಕಲಿತನು, ಅಂಚೆ ಇಲಾಖೆಯ ವಾಹನವನ್ನು ನಡೆಸಿದನು. ಅಗ್ನಿಶಾಮಕ ದಳದ ಪರೀಕ್ಷೆಗೆ ಕುಳಿತಾಗ ದೇಹದಾರ್ಢ್ಯದ ವಿಭಾಗದಲ್ಲಿ ನೂರಕ್ಕೆ ನೂರು ಅಂಕಗಳನ್ನು ಗಳಿಸಿದನು.

1919ರ ಜನವರಿ 10ರಂದು, ಇಪ್ಪತ್ತೊಂದು ವರ್ಷದ ಈ ತರುಣನು ಐವತ್ತೈದನೆಯ ದಳದ ಠಾಣೆಗೆ ಹಾಜರಾದನು. ಅವನಿಗೆ ಮುಂಚೆ ಒಬ್ಬಿಬ್ಬರು ಕಪ್ಪು ಜನರು ನ್ಯೂಯಾರ್ಕ್ ದಳವನ್ನು ಸೇರಿದ್ದುಂಟು. 1898ರಲ್ಲಿ ಸೇರಿದ ವಿಲಿಯಂ ನಿಕಲ್ಸನ್ ಎಂಬುವನನ್ನು ಬೆಂಕಿಯ ಬಳಿಗೆ ಬಿಡದೆ, ಕುದುರೆಗಳ ಚಿಕಿತ್ಸಾ ವಿಭಾಗಕ್ಕೆ ಹಾಕಿದ್ದರು. ವೆಸ್ಲಿಯನ್ನು ಹಾಗೆ ಬದಿಗೆ ತಳ್ಳಲಾಗಲಿಲ್ಲ. ಆದರೆ ಅವನು ಠಾಣೆಯ ಹೊಸ್ತಿಲನ್ನು ದಾಟಿದ ದಿನವೇ ಅಲ್ಲಿಯ ನಾಯಕನು ನಿವೃತ್ತಿಯನ್ನು ಪಡೆದು ಹೊರಟುಹೋದನು. ಕರಿಯನಿರುವ ದಳದ ನಾಯಕನೆನಿಸಿಕೊಳ್ಳುವುದು ಆತನಿಗೆ ಸಹನೆಯಾಗಲಿಲ್ಲ. ಉಳಿದ ಸಿಬ್ಬಂದಿಯೆಲ್ಲರೂ ತಮ್ಮನ್ನು ಬೇರೆಡೆಗೆ ವರ್ಗ ಮಾಡಬೇಕೆಂದು ಅರ್ಜಿ ಬರೆದುಕೊಂಡರು. ಮೇಲಧಿಕಾರಿಗಳು ಒಂದು ವರ್ಷದವರೆಗೆ ಯಾರ ವರ್ಗಾವಣೆಯೂ ಇಲ್ಲವೆಂದು ತಡೆಹಿಡಿದರು. ಹೀಗಾಗಿ ತನ್ನೊಡನೆ ಇರಲಾರೆವೆಂದು ಬರೆದುಕೊಟ್ಟವರ ಜೊತೆಯಲ್ಲಿಯೇ ವೆಸ್ಲಿಯು ಹಗಲಿರುಳು ಬಾಳಬೇಕಾಯಿತು, ಹೊಗೆಯೊಳಗೆ ತೆವಳಬೇಕಾಯಿತು.

ಆ ಕಾಲದ ಠಾಣೆಗಳಲ್ಲಿ ಇಬ್ಬರ ನಡುವೆ ಜಗಳ ಬಂದರೆ ನೆಲಮಾಳಿಗೆಗೆ ಇಳಿದು ಕೈಕೈ ಮಿಲಾಯಿಸಿ ತೀರಿಸಿಕೊಳ್ಳುವ ರೂಢಿಯಿತ್ತಂತೆ. ವೆಸ್ಲಿಗೂ ಆ ಕರೆ ಬಂತು. ಅವನು ಇಳಿದನು, ಮೊದಲು ಮೇಲೆ ಬಂದವನು ಅವನೇ. ಆದರೆ ಅವನ ನಿಜವಾದ ಉತ್ತರ ಮುಷ್ಟಿಯದಲ್ಲ. ಉಳಿದವರು ಹೊಗೆಗೆ ಬೆನ್ನು ತಿರುಗಿಸಿದಲ್ಲಿ ಅವನು ನಿಂತನು. ಗಂಟೆಯಾದಾಗ ಮೊದಲಿಗನಾದನು. ಬಿಡುವಿನ ವೇಳೆಯಲ್ಲಿ ಕಟ್ಟಡಗಳ ರಚನೆ, ನೀರಿನ ಒತ್ತಡ, ಇಲಾಖೆಯ ನಿಯಮಾವಳಿ ಇವುಗಳನ್ನು ಅಭ್ಯಾಸ ಮಾಡಿದನು. ಬಡ್ತಿಗೆ ಲಿಖಿತ ಪರೀಕ್ಷೆಯಿದ್ದುದು ಅವನಿಗೆ ಅನುಕೂಲವೇ ಆಯಿತು, ಉತ್ತರಪತ್ರಿಕೆಗೆ ಮೈಬಣ್ಣವಿಲ್ಲವಷ್ಟೆ! 1927ರಲ್ಲಿ ಲೆಫ್ಟಿನೆಂಟ್, 1934ರಲ್ಲಿ ಕ್ಯಾಪ್ಟನ್, 1938ರಲ್ಲಿ ಹಲವು ದಳಗಳ ಮೇಲಿನ ಬೆಟಾಲಿಯನ್ ಮುಖ್ಯಸ್ಥ, ಹೀಗೆ ಒಂದೊಂದು ಮೆಟ್ಟಿಲನ್ನೂ ಹತ್ತಿದನು. ನ್ಯೂಯಾರ್ಕ್ ದಳದಲ್ಲಿ ಈ ಪದವಿಗಳನ್ನು ಪಡೆದ ಕಪ್ಪು ಜನರಲ್ಲಿ ಅವನೇ ಮೊದಲಿಗ. ಇವನೊಡನೆ ಮಲಗಲಾರೆವೆಂದವರೇ ಇವನ ಆಜ್ಞೆಯಂತೆ ಬೆಂಕಿಗೆ ನುಗ್ಗುವ ಕಾಲ ಬಂತು.

ತಾನೊಬ್ಬನು ಮೇಲೇರಿದರೆ ಸಾಕೆಂದು ಅವನು ಸುಮ್ಮನಾಗಿದ್ದರೆ ಅವನ ಕಥೆ ಒಬ್ಬ ಸಮರ್ಥ ನೌಕರನ ಕಥೆಯಾಗಿ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಆ ವೇಳೆಗೆ ಇನ್ನೂ ಕೆಲವು ಕಪ್ಪು ತರುಣರು ದಳಕ್ಕೆ ಸೇರಿದ್ದರು. ಅನೇಕ ಠಾಣೆಗಳಲ್ಲಿ ಅವರಿಗಾಗಿ ಒಂದು ಮಂಚವನ್ನು ಬೇರೆಯಾಗಿರಿಸಿದ್ದರು. ಅದು ಹೆಚ್ಚಾಗಿ ಪಾಯಖಾನೆಯ ಬದಿಗೆ ಇರುತ್ತಿತ್ತು. ಅದಕ್ಕೆ ‘ಕರಿಯರ ಹಾಸಿಗೆ’ ಎಂದೇ ಹೆಸರಿತ್ತು. ಊಟಕ್ಕೆ ಅವರು ಬೇರೆ ಕೂಡಬೇಕಾಗಿತ್ತು. ಈ ಅನ್ಯಾಯಗಳನ್ನು ಎದುರಿಸಲು ವೆಸ್ಲಿಯು 1940ರಲ್ಲಿ ತನ್ನವರನ್ನು ಕೂಡಿಸಿ ‘ವಲ್ಕನ್ ಸೊಸೈಟಿ’ ಎಂಬ ಸಂಘವನ್ನು ಕಟ್ಟಿದನು. ವಲ್ಕನ್ ಎಂದರೆ ಪ್ರಾಚೀನ ರೋಮನ್ನರ ಅಗ್ನಿದೇವತೆ. ಬೇರೆ ಹಾಸಿಗೆಯ ಪದ್ಧತಿಯ ವಿರುದ್ಧ ಈ ಸಂಘವು ನಗರಸಭೆಯವರೆಗೂ ದೂರನ್ನು ಒಯ್ದು ಹೋರಾಡಿತು. ವೆಸ್ಲಿಯು 1952ರಲ್ಲಿ ನಿವೃತ್ತನಾದನು. ಅದೇ ಸಂಘದ ನಾಯಕರಲ್ಲೊಬ್ಬನಾಗಿದ್ದ ರಾಬರ್ಟ್ ಲೋರಿ 1966ರಲ್ಲಿ ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಗೇ ಆಯುಕ್ತನಾದುದನ್ನು ಕಣ್ಣಾರೆ ಕಂಡು, 1984ರಲ್ಲಿ ವೆಸ್ಲಿಯು ದೇಹವನ್ನು ಬಿಟ್ಟನು.

ಅವನು ಹಚ್ಚಿದ ದೀಪ ಮುಂದೆಯೂ ಉರಿಯಿತು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ ಆ ದಳದ 343 ಮಂದಿ ಮಡಿದರು. ಅವರಲ್ಲಿ 12 ಮಂದಿ ಕಪ್ಪು ಜನಾಂಗದವರು. ಅಷ್ಟು ದೊಡ್ಡ ಪಡೆಯಲ್ಲಿ ಕಪ್ಪು ಜನರ ಸಂಖ್ಯೆ ಅಂದಿಗೂ ಬಹಳ ಕಡಿಮೆಯಿತ್ತು. ಪ್ರವೇಶ ಪರೀಕ್ಷೆಯ ಪ್ರಶ್ನೆಗಳಿಗೂ ಬೆಂಕಿ ನಂದಿಸುವ ಕೆಲಸಕ್ಕೂ ತಕ್ಕ ಸಂಬಂಧವಿಲ್ಲವೆಂದೂ ಅವು ಒಂದು ವರ್ಗದವರನ್ನು ಹೊರಗಿಡುತ್ತವೆಂದೂ 2007ರಲ್ಲಿ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡಲಾಯಿತು. ವಲ್ಕನ್ ಸಂಘವೂ ಅದರಲ್ಲಿ ಸೇರಿತು. 2014ರಲ್ಲಿ ನಗರವು ಸುಮಾರು 98 ದಶಲಕ್ಷ ಡಾಲರುಗಳ ಪರಿಹಾರಕ್ಕೆ ಒಪ್ಪಿತು. ಇಲ್ಲೊಂದು ವಿಚಾರವಿದೆ. ವೆಸ್ಲಿಯನ್ನು ಮೇಲೆತ್ತಿದುದು ಪರೀಕ್ಷೆ. ಅವನ ಮೊಮ್ಮಕ್ಕಳ ಕಾಲದವರನ್ನು ತಡೆದುದೂ ಪರೀಕ್ಷೆ. ಪರೀಕ್ಷೆಯೆಂಬುದು ತಕ್ಕಡಿ ಮಾತ್ರ. ತಕ್ಕಡಿ ಸರಿಯಾಗಿದೆಯೇ ಎಂದು ಆಗಾಗ ನೋಡಿಕೊಳ್ಳುವುದು ತೂಗುವವರ ಧರ್ಮ. ಅಧ್ಯಾಪಕರಾದ ನಾವು ಈ ಮಾತನ್ನು ಮರೆಯಬಾರದು.

ವೆಸ್ಲಿಯ ಜೀವನವನ್ನು ಓದುವಾಗ ನನ್ನ ಮನಸ್ಸು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗುತ್ತದೆ. ಬಟ್ಟೆ ತೊಳೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇವರೆಲ್ಲ ಅನುಭವ ಮಂಟಪದಲ್ಲಿ ಒಂದೇ ಹಾಸಿಗೆಯ ಮೇಲೆ ಕುಳಿತವರು. ಅಣ್ಣ ಬಸವಣ್ಣನವರು ಕಾಯಕವನ್ನು ಕೈಲಾಸದ ಎತ್ತರಕ್ಕೆ ಏರಿಸಿದಾಗ, ಮಾಡುವ ಕೆಲಸದಿಂದಲ್ಲದೆ ಹುಟ್ಟಿದ ಕುಲದಿಂದ ಮನುಷ್ಯನನ್ನು ಅಳೆಯುವ ತಕ್ಕಡಿಯನ್ನೇ ಮುರಿದರು. ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ನಂಟು ಬೆಳೆದುದಕ್ಕಾಗಿ ಅವರು ತೆತ್ತ ಬೆಲೆಯೇನೆಂಬುದನ್ನು ಶರಣರ ಚರಿತ್ರೆಗಳು ಹೇಳುತ್ತವೆ. ನ್ಯೂಯಾರ್ಕಿನ ಬೇರೆ ಹಾಸಿಗೆಗೂ ನಮ್ಮ ಬೇರೆ ಪಂಕ್ತಿಗೂ ಭೇದವೇನು?

ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳದೆ ಹೋದರೆ ಈ ಲೇಖನ ಪರೋಪದೇಶ ಪಾಂಡಿತ್ಯವಾದೀತು. ನಾನು ಏಳೆಂಟು ವರ್ಷದ ಹುಡುಗನಾಗಿದ್ದಾಗ ನಮ್ಮ ಹಳ್ಳಿಯಲ್ಲಿ ಒಂದು ಮಧ್ಯಾಹ್ನ ಮೇವಿನ ಬಣವೆಗೆ ಬೆಂಕಿ ಬಿತ್ತು. ಗಾಳಿ ಬಲವಾಗಿತ್ತು. ಊರಿನ ಗಂಡಸರು ಹೊಲಗಳಲ್ಲಿದ್ದರು. ಹೊಗೆಯನ್ನು ಕಂಡು ಮೊದಲು ಓಡಿ ಬಂದವರು ಊರ ಹೊರಗಿನ ಕೇರಿಯವರು. ಅವರು ಒಂದು ಗಳಿಗೆ ಬಾವಿಯ ಕಟ್ಟೆಯ ಬಳಿ ನಿಂತರು. ಆ ಬಾವಿಯನ್ನು ಅವರು ಮುಟ್ಟುವಂತಿರಲಿಲ್ಲ. ನಮ್ಮ ಅಜ್ಜಿ ‘ಸೇದ್ರೋ ಯಪ್ಪಾ, ಸೇದ್ರಿ’ ಎಂದು ಕೂಗಿದಳು. ಅವರು ಸೇದಿದರು; ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸಿದರು; ಒಬ್ಬನ ಮುಂಗೈ ಸುಟ್ಟಿತು. ಒಂದು ಬಣವೆ ಹೋಯಿತು, ಉಳಿದ ಮೂರು ಬಣವೆಗಳೂ ಹಕ್ಕೆಯಲ್ಲಿದ್ದ ಎತ್ತುಗಳೂ ಉಳಿದವು. ಮಾರನೆಯ ಬೆಳಗ್ಗೆ ಹಿರಿಯರು ಸೇರಿ ಬಾವಿಗೆ ಗೋಮೂತ್ರವನ್ನು ಹಾಕಿಸಿ ಶುದ್ಧಿ ಮಾಡಿಸಿದರು. ಆ ಬಣವೆಗಳು ನಮ್ಮವೇ ಆಗಿದ್ದವು. ಶುದ್ಧಿಗೆ ತಂಬಿಗೆ ಹಿಡಿದುಕೊಂಡು ಹೋದವನು ನಾನೇ. ಕೈ ಸುಟ್ಟುಕೊಂಡವನಿಗೆ ನಮ್ಮ ಮನೆಯಿಂದ ಎಣ್ಣೆ ಹೋಯಿತೇ, ಯಾರಾದರೂ ಹೋಗಿ ಅವನನ್ನು ವಿಚಾರಿಸಿದರೇ ಎಂಬುದು ನನ್ನ ನೆನಪಿನಲ್ಲಿಲ್ಲ. ಅದು ನೆನಪಿನಲ್ಲಿ ಇಲ್ಲದಿರುವುದೇ ಇಂದು ನನ್ನನ್ನು ಸುಡುತ್ತದೆ.

ಭಾರತದ ಆದಿಪರ್ವದಲ್ಲಿ ಅರಗಿನ ಮನೆಯ ಪ್ರಸಂಗವನ್ನು ನಾವು ಪಾಠ ಹೇಳುತ್ತೇವೆ. ವಿದುರನ ಸೂಚನೆಯಿಂದ ಪಾಂಡವರು ಸುರಂಗದ ಮೂಲಕ ಪಾರಾದರೆಂದು ಮಕ್ಕಳು ಸಂತೋಷಪಡುತ್ತಾರೆ. ಆ ರಾತ್ರಿ ಅದೇ ಮನೆಯಲ್ಲಿ ಮಲಗಿದ್ದ ಬೇಡತಿಯೂ ಅವಳ ಐವರು ಮಕ್ಕಳೂ ಬೆಂದುಹೋದರು. ಅವರ ಹೆಸರುಗಳನ್ನು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ವೈಶ್ವಾನರನ ಎದುರಿನಲ್ಲಿ ಆ ಆರು ಪ್ರಾಣಗಳೂ ಈ ಆರು ಪ್ರಾಣಗಳೂ ಸಮವೆಂದು ಅರಿಯುವುದೇ ವಿದ್ಯೆಯ ಫಲವೆಂದು ನನಗೆ ಈಚೆಗೆ ತೋರುತ್ತದೆ.

ಆಫ್ರಿಕದ ಮೂಲದವರು ನಮ್ಮ ನಾಡಿನಲ್ಲಿಯೂ ಇದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಂಚಿನಲ್ಲಿ ಬಾಳುತ್ತಿರುವ ಸಿದ್ದಿ ಜನರು ಶತಮಾನಗಳಿಂದ ಕನ್ನಡಿಗರೇ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಅವರ ಮಕ್ಕಳನ್ನು ಕಂಡು ಬೆರಗಾಗಿ ‘ನೀವು ಯಾವ ದೇಶದವರು?’ ಎಂದು ಕೇಳುವವರು ಮೊದಲು ತಮ್ಮ ದೇಶವನ್ನು ಅರಿಯಬೇಕು.

ಪ್ರತಿವರ್ಷ ಏಪ್ರಿಲ್ 14ರಂದು ನಮ್ಮ ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸುತ್ತಾರೆ. 1944ರ ಅದೇ ದಿನ ಮುಂಬಯಿ ಬಂದರಿನಲ್ಲಿ ಹತ್ತಿಯನ್ನೂ ಮದ್ದುಗುಂಡುಗಳನ್ನೂ ಹೊತ್ತಿದ್ದ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗು ಸಿಡಿದು, ಬೆಂಕಿಯನ್ನು ನಂದಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕರು ಬಲಿಯಾದರು. ಏಪ್ರಿಲ್ 14 ಡಾಕ್ಟರ್ ಅಂಬೇಡ್ಕರರ ಜನ್ಮದಿನವೂ ಹೌದು. ಎರಡೂ ಒಂದೇ ದಿನ ಬಂದುದು ಆಕಸ್ಮಿಕವಾದರೂ ಅರ್ಥವತ್ತಾದ ಆಕಸ್ಮಿಕ. ನಮ್ಮ ಶಾಲೆಯಲ್ಲಿ ಆ ಎರಡು ಸ್ಮರಣೆಗಳನ್ನೂ ಕೂಡಿಯೇ ಮಾಡಿದರೆ ಉಚಿತವಾದೀತು.

ವಿದ್ಯಾರ್ಥಿಗಳಿಗೆ ಕಡೆಯದಾಗಿ ಕೆಲವು ಮಾತುಗಳು. 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡಿಗೆಮನೆಯ ಕಿಡಿ ಗರಿಯ ಸೂರಿಗೆ ತಗುಲಿ 94 ಮಕ್ಕಳು ಬೆಂದರು. ಈ ಎರಡನ್ನೂ ನೆನಪಿನಲ್ಲಿಡಿರಿ. ಹೊಗೆ ತುಂಬಿದ ಕೋಣೆಯಲ್ಲಿ ನಿಂತು ಓಡದೆ ನೆಲಕ್ಕೆ ಬಾಗಿ ಹೊರಬನ್ನಿರಿ. ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿರಿ. ನೆಲದ ಮೇಲೆ ಉರುಳಿರಿ. ಉರಿಯುವ ಎಣ್ಣೆಗೆ ನೀರು ಸುರಿಯಬೇಡಿರಿ, ಮುಚ್ಚಳವನ್ನು ಮುಚ್ಚಿರಿ. ತಡಮಾಡದೆ 101 ಅಥವಾ 112 ಸಂಖ್ಯೆಗೆ ದೂರವಾಣಿ ಮಾಡಿರಿ. ಕೆಂಪು ವಾಹನವು ಗಂಟೆ ಬಾರಿಸುತ್ತ ಬಂದಾಗ ದಾರಿ ಬಿಡಿರಿ.

ಆ ವಾಹನದಿಂದ ಇಳಿದು ಬಂದವನ ಹೆಸರನ್ನು ಕೇಳಿರಿ, ಕುಲವನ್ನು ಕೇಳಬೇಡಿರಿ. ಬೆಂಕಿ ಆರಿದ ಮೇಲೆ ಆತನಿಗೆ ನಿಮ್ಮ ಮನೆಯ ತಂಬಿಗೆಯಲ್ಲಿಯೇ ನೀರು ಕೊಡಿರಿ. ಆತನ ಕೈಯೇನಾದರೂ ಸುಟ್ಟಿದ್ದರೆ ಮಾರನೆಯ ದಿನ ಹೋಗಿ ವಿಚಾರಿಸಿಕೊಂಡು ಬನ್ನಿರಿ. ವೆಸ್ಲಿ ವಿಲಿಯಮ್ಸನಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ. ಕಲ್ಯಾಣದ ಶರಣರಿಗೆ ನಾವು ತೀರಿಸಬೇಕಾದ ಋಣವೂ ಇದೇ.